ಏನು ವಿಶೇಷ ಇವತ್ತು?

ಹೊಸದುರ್ಗದಲ್ಲಿ ಹೆಂಗಸೊಬ್ಬಳು ಹಬ್ಬವೂ ಅಲ್ಲದ, ಮದುವೆಯೂ ಇಲ್ಲದ ದಿನ ಇಸ್ತ್ರಿ ಮಾಡಿದ ಸೀರೆ ಉಟ್ಟು, ಜಡೆಯ ಬದಲು ತುರುಬು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ತನಕ ನಡೆದರೆ ಸಾಕು, ದಾರಿಯಲ್ಲಿ ಮೂರು ಜನವಾದರೂ ಕೇಳುತ್ತಾರೆ: “ಏನ್ ವಿಶೇಷ ಇವತ್ತು?” ಸಲುಗೆ ಹೆಚ್ಚಿದ್ದವರು “ಎಲ್ಲಿಗೋ ಹೊಂಟಂಗೈತಲ್ಲ” ಎಂದು ನಗುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ನಮ್ಮ ಕಡೆ ಅದು ಅಕ್ಕರೆಯ ಮಾತು. ಆದರೂ ಆ ಅಕ್ಕರೆಯೊಳಗೆ ಒಂದು ಕಟ್ಟಳೆ ಕೂತಿದೆ. ಗಂಡಸು ಹೊಸ ಅಂಗಿ ತೊಟ್ಟರೆ “ಅಂಗಿ ಚೆನ್ನಾಗೈತೆ, ಎಲ್ಲಿ ತಗೊಂಡೆ?” ಎಂದು ಅಂಗಿಯ ಬಗ್ಗೆ ಕೇಳುತ್ತಾರೆ. ಹೆಂಗಸನ್ನು ಕಾರಣ ಕೇಳುತ್ತಾರೆ.

ಕಾರಣ ಇಲ್ಲದಿದ್ದರೆ ಅನುಮಾನ. ಅವಳ ಕೈಯಲ್ಲಿ ದುಡ್ಡು ಕಡಿಮೆಯೆಂದು ಊರಿಗೆ ಗೊತ್ತಿದ್ದರೆ ಅನುಮಾನದ ಜೊತೆಗೆ ಲೆಕ್ಕ ಬೇರೆ: ಇವಳಿಗೆ ಎಲ್ಲಿಂದ ಬಂತು? ಬಂದದ್ದನ್ನು ಇದಕ್ಕೇ ಹಾಕಬೇಕಿತ್ತೇ? ಈ ಎರಡನೆಯ ಪ್ರಶ್ನೆಯನ್ನು ನಾನು ಸ್ವಲ್ಪ ಗಂಭೀರವಾಗಿಯೇ ತೆಗೆದುಕೊಳ್ಳಬೇಕೆಂದಿದ್ದೇನೆ. ಸ್ವಲ್ಪವೇ ಹಣವಿರುವ ಹೆಣ್ಣು ತಾನು ಕಾಣುವ ಬಗೆಯನ್ನು ಬದಲಿಸಿಕೊಳ್ಳಲು ಅದರಲ್ಲೊಂದು ಪಾಲು ಖರ್ಚು ಮಾಡಿದರೆ ಅದು ಶೋಕಿಯೇ, ದುಂದೇ, ಅಥವಾ ನಾವು ಇನ್ನೂ ಹೆಸರಿಡದ ಬೇರೇನೋ?

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾಗಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿದ ಮೇಲೆ ಪತ್ರಿಕೆಗಳಲ್ಲಿ ಒಂದು ಹೊಸ ಬಗೆಯ ಸುದ್ದಿ ಹುಟ್ಟಿಕೊಂಡಿತು. ಕಂತು ಕೂಡಿಟ್ಟು ಮನೆಗೆ ಫ್ರಿಜ್ ತಂದವರು, ಮಗನಿಗೆ ಬೈಕ್ ಕೊಡಿಸಿದವರು, ಕೊಳವೆಬಾವಿ ಕೊರೆಸಿದ ಅತ್ತೆ-ಸೊಸೆ, ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ ಅಜ್ಜಿ. ಓದಿದಾಗ ನನಗೂ ಸಂತೋಷವಾಗಿದೆ. ಆದರೆ ಎರಡು ಬ್ಲೌಸ್ ಹೊಲಿಸಿಕೊಂಡವಳ ಫೋಟೋ ಎಲ್ಲೂ ಕಾಣಲಿಲ್ಲ. ಹೊಲಿಸಿಕೊಂಡವರು ಇಲ್ಲವೆಂದಲ್ಲ, ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಖರ್ಚು ಸುದ್ದಿಯಾಗುವುದಿಲ್ಲ, ಕಟ್ಟೆಯ ಮೇಲಿನ ಹಾಸ್ಯವಾಗುತ್ತದೆ. ಹೆಣ್ಣಿನ ದುಡ್ಡು ಬೇರೆಯವರ ಹೊಟ್ಟೆಗೋ ಗದ್ದೆಗೋ ಬೈಕಿಗೋ ಹೋದರೆ ಅದು ಗುಣ. ಅವಳ ಮೈಮೇಲೆ ಉಳಿದರೆ ಅವಗುಣ.

ಇಲ್ಲಿ ಯಾರಾದರೂ ಹೇಳಬಹುದು: ಹೆಂಗಸರ ಬೀರು ತುಂಬಿ ತುಳುಕುತ್ತಿರುತ್ತದಲ್ಲ, ಇನ್ನೆಷ್ಟು ಬೇಕು? ನಿಜ, ತುಳುಕುತ್ತಿರುತ್ತದೆ. ಬಡವರ ಮನೆಯಲ್ಲೂ ಕಬ್ಬಿಣದ ಟ್ರಂಕಿನಲ್ಲಿ ಇಪ್ಪತ್ತು ಮೂವತ್ತು ಸೀರೆ ಸಿಗುತ್ತವೆ. ಆದರೆ ಒಂದೊಂದನ್ನೇ ತೆಗೆದು ಇದು ಯಾರು ಆರಿಸಿದ್ದು ಎಂದು ಕೇಳಿ ನೋಡಿ. ಇದು ನಾದಿನಿ ಮದುವೆಯಲ್ಲಿ ಕೊಟ್ಟದ್ದು, ಇದು ಗೃಹಪ್ರವೇಶಕ್ಕೆ ಬಂದದ್ದು, ಇದು ತವರಿನಿಂದ ಗೌರಿ ಹಬ್ಬಕ್ಕೆ, ಇದು ಸಂಘದವರೆಲ್ಲ ಒಂದೇ ಬಣ್ಣದ್ದು ತಗೊಂಡಾಗ. ಕೊಟ್ಟವರು ಕೂಡ ಆರಿಸಿ ಕೊಟ್ಟವರಲ್ಲ. ಮುಯ್ಯಿಯ ಲೆಕ್ಕಕ್ಕೆ ಹತ್ತು ಸೀರೆಯ ಕಟ್ಟು ತಂದಿಟ್ಟು, ಬಂದ ಹಾಗೆ ಎತ್ತಿ ಕೊಟ್ಟಿರುತ್ತಾರೆ. ಕೆಲವು ಸೀರೆಗಳು ಮಡಿಕೆಯನ್ನೂ ಬಿಚ್ಚದೆ ನಾಲ್ಕು ಮನೆ ಸುತ್ತಿ, ಕೊನೆಗೆ ಕೊಟ್ಟವರ ಮನೆಗೇ ವಾಪಸ್ಸು ಬಂದದ್ದುಂಟು. ನಮ್ಮಮ್ಮನ ಸೀರೆಗಳಲ್ಲಿ ಅವಳು ಅಂಗಡಿಯಲ್ಲಿ ಕೂತು, ಇದು ಬೇಡ ಅದು ತೆಗೀರಿ ಎಂದು ಆರಿಸಿದವು ಐದು ಎಂದು ಅವಳೇ ಎಣಿಸಿ ಹೇಳಿದಳು. ಉಳಿದವೆಲ್ಲ ಅವಳ ನೆಂಟಸ್ತನದ ದಾಖಲೆಗಳು. ಉಡಲು ಬರುತ್ತವೆ ಅಷ್ಟೆ.

ಹಾಗಾಗಿ ನಮ್ಮೂರಿನ ಹೆಂಗಸಿಗೆ ತನ್ನದು ಅನ್ನುವ ಒಂದು ಶೈಲಿ ಇದ್ದರೆ ಅದು ಸೀರೆಯಲ್ಲಿಲ್ಲ, ಬ್ಲೌಸಿನಲ್ಲಿದೆ. ಸೀರೆ ಯಾರದೋ ಕೊಡುಗೆಯಾದರೂ ಬ್ಲೌಸನ್ನು ಅವಳ ಮೈಗೇ ಕತ್ತರಿಸಬೇಕು. ಟೈಲರ್ ಅಂಗಡಿಯಲ್ಲಿ ಅವಳು ಬಾಯಿ ಬಿಟ್ಟು ಹೇಳಬೇಕು: ಕತ್ತು ಇಷ್ಟು ಇಳಿಸಿ, ತೋಳು ಮೊಣಕೈ ತನಕ ಬರಲಿ, ಹಿಂದೆ ದಾರ ಬೇಡ ಹುಕ್ಕೇ ಇರಲಿ, ಒಳಗೆ ಎರಡು ಹೊಲಿಗೆಯಷ್ಟು ಬಟ್ಟೆ ಬಿಡಿ. ಅದಕ್ಕೇ ಲೈನಿಂಗ್ ಹಾಕಿದ ಬ್ಲೌಸಿನ ಹೊಲಿಗೆ ಸೀರೆಯ ಬೆಲೆಯನ್ನೇ ಮೀರಿದರೂ ಹೆಂಗಸರು ಗೊಣಗುತ್ತಲೇ ಕೊಡುತ್ತಾರೆ. ಅಲ್ಲಿಯೂ ಒಂದು ತೊಡಕಿದೆ. ಅಂಗಡಿಗೆ ಹೋದೊಡನೆ ಟೈಲರ್ ಕೇಳುವುದು “ಅಳತೆ ಬ್ಲೌಸ್ ತಂದಿದೀರಾ?” ಎಂದು. ಹಳೆಯದರ ಮೇಲೆ ಹೊಸ ಬಟ್ಟೆಯಿಟ್ಟು ಗೀಟು ಹಾಕಿದರೆ ಕೆಲಸ ಬೇಗ. ಹತ್ತು ವರ್ಷದ ಹಿಂದಿನ ಕತ್ತು, ಹತ್ತು ವರ್ಷದ ಹಿಂದಿನ ತೋಳು ಹೀಗೆ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಬರುತ್ತವೆ. ನನ್ನ ಚಿಕ್ಕಮ್ಮ ಕಳೆದ ವರ್ಷ, ಮಗಳು ಕೆಲಸಕ್ಕೆ ಸೇರಿದ ಮೇಲೆ, ಅಳತೆ ಬ್ಲೌಸನ್ನು ಮನೆಯಲ್ಲೇ ಬಿಟ್ಟು ಹೋಗಿ “ಟೇಪ್ ಹಿಡಿದು ಹೊಸದಾಗಿ ತಗೊಳ್ಳಮ್ಮ” ಎಂದಳಂತೆ. ಅವಳಿಗೆ ಐವತ್ತೆರಡು ವರ್ಷ. ಅದಕ್ಕೆ ಅವಳು ಹೆಚ್ಚುವರಿ ಒಂದು ಪೈಸೆಯನ್ನೂ ಕೊಡಲಿಲ್ಲ.

ತತ್ವಶಾಸ್ತ್ರದವರು ಬಟ್ಟೆಯ ಬಗ್ಗೆ ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಆ್ಯಡಮ್ ಸ್ಮಿತ್ 1776ರಲ್ಲಿ ಎತ್ತಿದ ಒಂದು ಮಾತು. ಬದುಕಲು ಅಗತ್ಯವಾದ ವಸ್ತು ಯಾವುದು ಎಂದು ಯೋಚಿಸುತ್ತಾ ಅವನು ಲಿನನ್ ಅಂಗಿಯ ಉದಾಹರಣೆ ಕೊಡುತ್ತಾನೆ. ಹಳೆಯ ಗ್ರೀಕರು, ರೋಮನ್ನರು ಲಿನನ್ ಇಲ್ಲದೆಯೇ ಸುಖವಾಗಿದ್ದರು. ಆದರೆ ತನ್ನ ಕಾಲದ ಯುರೋಪಿನಲ್ಲಿ ಮರ್ಯಾದಸ್ಥ ದಿನಗೂಲಿಯವನೊಬ್ಬ ಆ ಅಂಗಿಯಿಲ್ಲದೆ ನಾಲ್ಕು ಜನರ ಎದುರು ಬರಲು ನಾಚುತ್ತಾನೆ. ಆದ್ದರಿಂದ ಅದು ಭೋಗವಲ್ಲ, ಅಗತ್ಯ. ಅಮರ್ತ್ಯ ಸೇನ್ 1983ರ ತಮ್ಮ ಪ್ರಬಂಧದಲ್ಲಿ ಇದನ್ನೇ ಹಿಡಿದು, ನಾಚಿಕೆಯಿಲ್ಲದೆ ಜನರ ನಡುವೆ ನಿಲ್ಲುವುದು ಒಂದು ಸಾಮರ್ಥ್ಯ, ಅದಿಲ್ಲದಿರುವುದು ಬಡತನವೇ ಎಂದು ವಾದಿಸಿದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಸ್ಮಿತ್ ಅದೇ ಜಾಗದಲ್ಲಿ ಚರ್ಮದ ಬೂಟಿನ ಬಗ್ಗೆ ಬರೆದದ್ದನ್ನು ಹೆಚ್ಚು ಜನ ಉಲ್ಲೇಖಿಸುವುದಿಲ್ಲ: ಸ್ಕಾಟ್ಲೆಂಡಿನ ಬಡ ಗಂಡಸರಿಗೆ ಬೂಟು ಅಗತ್ಯವಾಗಿದೆ, ಅದೇ ವರ್ಗದ ಹೆಂಗಸರಿಗೆ ಅಲ್ಲ, ಅವರು ಬರಿಗಾಲಿನಲ್ಲಿ ಓಡಾಡಿದರೆ ಯಾರೂ ಹೀನವಾಗಿ ಕಾಣುವುದಿಲ್ಲ ಎನ್ನುತ್ತಾನೆ. ಆ ಹೆಂಗಸರನ್ನು ಯಾರಾದರೂ ಕೇಳಿದ್ದರೇ ಎಂಬುದು ನನ್ನ ಕುತೂಹಲ.

ಸ್ಮಿತ್‌ನ ವಾದಕ್ಕೆ ಇನ್ನೊಂದು ಮಿತಿಯಿದೆ. ಅವನ ಅಂಗಿ ನಾಲ್ಕು ಜನರ ಹಾಗೆ ಇರಲು ಬೇಕಾದ ಅಂಗಿ. ಆದರೆ ನಾನು ಹೇಳುತ್ತಿರುವ ಆಸೆ ಬೇರೆ. ನಿನ್ನೆಯವರೆಗೆ ಜನ ನನ್ನನ್ನು ನೋಡಿದ ಹಾಗೆಯೇ ನಾಳೆಯೂ ನೋಡಬೇಕಾಗಿಲ್ಲ ಎನ್ನುವ ಆಸೆ. ಅದಕ್ಕೆ ನನಗೆ ಗೊತ್ತಿರುವ ಅತ್ಯಂತ ದೊಡ್ಡ ಉದಾಹರಣೆ ಮಹಾಡ್‌ನದು. 1927ರ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟ ಆ ಸತ್ಯಾಗ್ರಹದ ದಿನಗಳಲ್ಲೇ ಅಂಬೇಡ್ಕರ್ ಅಲ್ಲಿ ಸೇರಿದ್ದ ಹೆಂಗಸರೊಡನೆ ಪ್ರತ್ಯೇಕವಾಗಿ ಮಾತಾಡಿದರು. ನೀವು ಸೀರೆ ಉಡುವ ರೀತಿಯೇ ನೀವು ಅಸ್ಪೃಶ್ಯರೆಂದು ಸಾರುತ್ತಿದೆ, ಆ ಗುರುತನ್ನು ಅಳಿಸಿ, ಮೇಲ್ಜಾತಿಯ ಹೆಂಗಸರು ಉಡುವ ಹಾಗೆ ಉಡಿ, ಇದಕ್ಕೆ ಖರ್ಚೇನೂ ಇಲ್ಲ ಎಂಬುದು ಅವರ ಮಾತಿನ ಸಾರ. ಮೊಣಕೈ ತನಕ ಏರಿಸಿದ ಬಿಳಿಲೋಹದ ಒಡವೆಗಳನ್ನೂ ಬಿಡಲು ಹೇಳಿದರು. ಮಾರನೆಯ ದಿನವೇ ಹೆಂಗಸರು ಸೀರೆಯನ್ನು ಬೇರೆ ರೀತಿ ಉಟ್ಟು ಬಂದರು. ಅದೇ ಸೀರೆ, ಅದೇ ಮೈ. ಬದಲಾದದ್ದು ನೋಡುವವರು ಒಂದೇ ನೋಟಕ್ಕೆ ಓದಿಬಿಡುತ್ತಿದ್ದ ಬರಹ. ಕಾಸಿಲ್ಲದೆ ಮಾಡಬಹುದಾದ ಈ ಕೆಲಸವನ್ನು ಚಳವಳಿಯ ನಡುವೆ ನಿಂತು ಹೇಳುವಷ್ಟು ಮುಖ್ಯವೆಂದು ಅಂಬೇಡ್ಕರ್ ಎಣಿಸಿದ್ದರು.

ಇದು ಮೇಲಿನವರ ಅನುಕರಣೆಯಲ್ಲವೇ ಎಂದು ವಿಚಾರಸಂಕಿರಣಗಳಲ್ಲಿ ಕೇಳುವವರಿದ್ದಾರೆ. ನಮ್ಮ ಜಿಲ್ಲೆಯ ತಾಂಡಾಗಳ ಹುಡುಗಿಯರು ಕಾಲೇಜಿಗೆ ಚೂಡಿದಾರ ತೊಟ್ಟು ಬರುವಾಗ “ಎಂಥಾ ಚೆಂದದ ಕಸೂತಿ, ಕನ್ನಡಿ ಚೂರು, ಎಲ್ಲ ಹೋಯ್ತು” ಎಂದು ಮರುಗುವುದೂ ಇದೇ ಧಾಟಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೇ ಸಿಕ್ಕಿದೆ, ಆ ಕಲೆ ಉಳಿಯಬೇಕು, ಒಪ್ಪುತ್ತೇನೆ. ಆದರೆ ಬಸ್ಸು ಹತ್ತಿದೊಡನೆ ದೂರದಿಂದಲೇ ಇವಳು ಯಾರೆಂದು ಗುರುತಿಸಿ, ಸೀಟಿನಲ್ಲಿ ಸ್ವಲ್ಪ ಸರಿದು ಕೂರುವ ಜನ ಇರುವ ತನಕ, ಆ ಉಡುಪನ್ನು ಹೊರುವ ಕೆಲಸವನ್ನು ಹದಿನೆಂಟು ವರ್ಷದ ಹುಡುಗಿಗೆ ವಹಿಸುವುದು ನ್ಯಾಯವಲ್ಲ. ಅದನ್ನು ಈಗ ಬೆಂಗಳೂರಿನವರು ದುಡ್ಡು ಕೊಟ್ಟು ಕೊಳ್ಳುತ್ತಿದ್ದಾರೆ, ಅವರೇ ಒಂದಷ್ಟು ದಿನ ತೊಡಲಿ.

ಸರಳತೆಯ ಉಪದೇಶದ ಬಗ್ಗೆಯೂ ನನ್ನ ತಕರಾರು ಇದೇ. ಗಾಂಧಿ 1921ರ ಸೆಪ್ಟೆಂಬರಿನಲ್ಲಿ ಮದುರೆಯಲ್ಲಿ ತುಂಡು ಪಂಚೆಗೆ ಇಳಿದರು. ಅದು ದೊಡ್ಡ ತ್ಯಾಗವೇ. ಆದರೆ ಬಿಡುವುದಕ್ಕೆ ಮೊದಲು ಕೈಯಲ್ಲಿ ಇರಬೇಕು. ಬಿಟ್ಟಿದ್ದಾರೆ ಎಂದು ಜನ ಗುರುತಿಸಬೇಕು. ಇಲ್ಲದವಳು ಹರಕಲು ಉಟ್ಟರೆ ಅದನ್ನು ಯಾರೂ ವೈರಾಗ್ಯ ಎನ್ನುವುದಿಲ್ಲ. ಅಕ್ಕಮಹಾದೇವಿಯ ಮಾತು ಬೇರೆ, ಅವಳು ನೋಡುವ ಕಣ್ಣನ್ನೇ ತಿರಸ್ಕರಿಸಿ ಹೊರಟವಳು. ತಿಂಗಳ ಬಾಡಿಗೆ ಕಟ್ಟಿಕೊಂಡು ಅದೇ ಕಣ್ಣುಗಳ ನಡುವೆ ದಿನಾ ಓಡಾಡಬೇಕಾದವರಿಗೆ ಅವಳನ್ನು ಮಾದರಿಯಾಗಿ ತೋರಿಸುವುದು ಸುಲಭದ ಕ್ರೌರ್ಯ. ನಾನಿರುವ ಸಂಶೋಧನೆಯ ಲೋಕದಲ್ಲಂತೂ ಸರಳತೆಗೆ ಒಳ್ಳೆಯ ಬೆಲೆಯಿದೆ. ಕೈಮಗ್ಗದ ಕುರ್ತಾ, ಮಾಸಿದಂತೆ ಕಾಣುವ ಇಂಡಿಗೋ ಬಣ್ಣ, ಟೆರಾಕೋಟಾ ಓಲೆ. ಫೆಲೋಶಿಪ್ ತಡವಾಗುವ ತಿಂಗಳುಗಳಲ್ಲಿ ಆ ಸರಳತೆ ನನ್ನ ಕೈಗೆಟಕುವುದಿಲ್ಲ. ಅಮ್ಮನ ಹಳೇ ಸೀರೆಯಲ್ಲಿ ಗೌನ್ ಹೊಲಿಸಿದರೆ ಸಿರಿವಂತೆಗೆ ಅದು ಪರಿಸರ ಕಾಳಜಿ. ಹಾಸ್ಟೆಲ್ಲಿನ ಹುಡುಗಿಗೆ ಅದು “ಅವರಮ್ಮನ ಸೀರೆ ಕಣೇ.”

ಇಷ್ಟರ ನಡುವೆ, ಯಾವ ಚಿಂತಕರ ಅಪ್ಪಣೆಯನ್ನೂ ಕೇಳದೆ, ನಮ್ಮ ಹೆಂಗಸರು ಒಂದು ಕ್ರಾಂತಿ ಮಾಡಿ ಮುಗಿಸಿದ್ದಾರೆ. ನೈಟಿ. ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಗುವ, ನೆರಿಗೆ ಸೆರಗಿನ ಕಾಟವಿಲ್ಲದ, ರಾತ್ರಿಗೆಂದು ಹುಟ್ಟಿ ಹಗಲೆಲ್ಲ ಬದುಕುವ ಬಟ್ಟೆ. ನೀರು ಹಿಡಿಯಲು, ಹಾಲು ತರಲು, ಮಗುವನ್ನು ಅಂಗನವಾಡಿಗೆ ಬಿಡಲು ಅದೇ. ಮರ್ಯಾದೆಗೆ ಹೆಗಲ ಮೇಲೊಂದು ಟವೆಲ್. ಆ ಟವೆಲ್ಲೇ ನಮ್ಮ ಸಮಾಜದೊಂದಿಗೆ ಅವರು ಮಾಡಿಕೊಂಡ ರಾಜಿ. ನೆರೆಯ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ ಆ ರಾಜಿಯೂ ಸಾಲಲಿಲ್ಲ. 2018ರಲ್ಲಿ ಅಲ್ಲಿನ ಹಿರಿಯರು ಹಗಲು ಹೊತ್ತು ನೈಟಿ ತೊಟ್ಟರೆ 2,000 ರೂಪಾಯಿ ದಂಡ, ತೊಟ್ಟವರನ್ನು ತೋರಿಸಿಕೊಟ್ಟರೆ 1,000 ರೂಪಾಯಿ ಬಹುಮಾನ ಎಂದು ಕಟ್ಟು ಮಾಡಿದ್ದು ಸುದ್ದಿಯಾಗಿತ್ತು. ದುಬಾರಿ ಬಟ್ಟೆಗೆ ದಂಡ ಹಾಕಿದ ಊರಿನ ಸುದ್ದಿ ನಾನು ಓದಿಲ್ಲ. ಹೆಣ್ಣು ತನ್ನ ಆರಾಮಕ್ಕೆಂದು ತಾನೇ ಆರಿಸಿಕೊಂಡ ಅಗ್ಗದ ಬಟ್ಟೆಗೆ ಬಿತ್ತು.

ಅಗ್ಗ ಎಂದ ಕೂಡಲೇ ಇನ್ನೊಂದು ಮುಖವನ್ನು ನೋಡಲೇಬೇಕು. ಕಾರಣವಿಲ್ಲದೆ ಚೆನ್ನಾಗಿ ಕಾಣುವುದು ಎಲ್ಲ ಹೆಣ್ಣಿಗೂ ಸಲ್ಲಬೇಕಾದದ್ದು ಎಂದು ನಾನು ನಂಬುತ್ತೇನೆ. ಆದರೆ ಮೊಬೈಲಿನಲ್ಲಿ ಮುನ್ನೂರು ರೂಪಾಯಿಗೆ ಬರುವ ಕುರ್ತಾ ಯಾರೋ ಹೊಲಿದೇ ಬಂದಿರುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು, ನಮ್ಮಂಥ ತಾಲೂಕುಗಳಿಂದ ಹೋದವರೂ ಇದ್ದಾರೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ತೆಗೆಯುವ ನಿಯಮ ಬದಲಿಸಿದಾಗ ಸಾವಿರಾರು ಜನ ರಸ್ತೆಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಬೇಕಾಯಿತು. ಅವರೆಲ್ಲ ದಿನಕ್ಕೆ ನೂರಾರು ಕಾಲರ್, ನೂರಾರು ತೋಳು ಹೊಲಿಯುವವರು. ಒಬ್ಬಳ ಸಣ್ಣ ಆಸೆ ಇನ್ನೊಬ್ಬಳ ಸಣ್ಣ ಕೂಲಿಯ ಮೇಲೆ ನಿಂತಿದೆ. ಇದಕ್ಕೆ ಆಸೆಪಡಬೇಡ ಎಂದು ಮೊದಲನೆಯವಳಿಗೆ ಹೇಳುವುದು ಉತ್ತರವಲ್ಲ. ಆ ಕುರ್ತಾದ ಲಾಭ ಅವಳಿಗೂ ಹೋಗಿಲ್ಲ. ಆದರೂ ಕೈಯಲ್ಲಿ ಐನೂರು ರೂಪಾಯಿ ಇದ್ದರೆ ನಾನು ಇರುವ ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿಸುವ ಕಡೆಗೇ ವಾಲುತ್ತೇನೆ. ಅದರಲ್ಲಿ ಪುಣ್ಯವಿದೆ ಎಂದಲ್ಲ. ಕೂಲಿ ಯಾರ ಕೈಗೆ ಹೋಯಿತು ಎಂದು ಕಾಣುತ್ತದೆ, ಸರಿ ಬರದಿದ್ದರೆ ಹೋಗಿ ಜಗಳ ಆಡಬಹುದು.

ನಮ್ಮ ಬೀದಿಯ ಟೈಲರಮ್ಮನಿಗೆ ಈ ಸಲ ಇದನ್ನೆಲ್ಲ ಹೇಳಿ, ಆನ್‌ಲೈನ್ ಬಟ್ಟೆಯಿಂದ ನಿಮ್ಮ ಹೊಟ್ಟೆಗೆ ಹೊಡೆತ ಬಿದ್ದಿಲ್ವಾ ಎಂದು ಕೇಳಿದೆ. ಅವರು ಮಿಷನ್ನಿನಿಂದ ತಲೆ ಎತ್ತದೆ, ಪಕ್ಕದಲ್ಲಿದ್ದ ಕುರ್ತಾಗಳ ರಾಶಿಯನ್ನು ತೋರಿಸಿದರು. ಎಲ್ಲವೂ ಸೊಂಟ ಹಿಡಿಯಲು, ತೋಳು ಬಿಡಲು ಬಂದವು. “ಎಲ್ ಅಂತಾರೆ, ಎಕ್ಸೆಲ್ ಅಂತಾರೆ, ಒಂದೂ ನಮ್ಮೂರ ಹೆಂಗಸ್ರ ಮೈಗೆ ಸರಿಯಾಗಿ ಕೂರಲ್ಲ ಕಣಮ್ಮ. ಅದೇ ಈಗ ನನ್ನ ಅನ್ನ.”