ತಪ್ಪು ನಾಯಿಯದೋ, ಸಾಕಿದವನದೋ?

ಚನ್ನಗಿರಿ ತಾಲೂಕಿನ ಅಡಿಕೆ ತೋಟಗಳ ನಡುವಿನ ಮನೆಗಳಲ್ಲಿ ನಾಯಿ ಮತ್ತು ಕೋಳಿ ಎರಡೂ ಇರುವುದು ಸಾಮಾನ್ಯ. ಅಡಿಕೆ ಸುಲಿದು, ಬೇಯಿಸಿ, ಅಂಗಳದಲ್ಲಿ ಒಣಹಾಕಿದ ದಿನಗಳಲ್ಲಿ ರಾತ್ರಿಯ ಕಾವಲಿಗೆ ನಾಯಿ ಬೇಕು. ಮಕ್ಕಳಿಗೆ ಮೊಟ್ಟೆ, ನೆಂಟರು ಬಂದರೆ ಸಾರು, ಕೈಯಲ್ಲಿ ಕಾಸಿಲ್ಲದಾಗ ಸಂತೆಗೆ ಒಯ್ಯಲು ಒಂದೆರಡು ಹುಂಜ, ಇದಕ್ಕೆಲ್ಲ ಕೋಳಿಯೂ ಬೇಕು. ಎರಡಕ್ಕೂ ಇರುವುದು ಒಂದೇ ಅಂಗಳ. ಒಂದು ದಿನ ಹಿತ್ತಿಲ ತುಂಬ ಪುಕ್ಕ ಹರಡಿ ಬಿದ್ದಿರುತ್ತದೆ. ನಾಯಿಗೆ ದೊಣ್ಣೆಯೇಟು ಬೀಳುತ್ತದೆ. ಕೋಳಿ ನೆರೆಯವರದ್ದಾಗಿದ್ದರೆ ಬೇಲಿಯ ಎರಡೂ ಬದಿಯಲ್ಲಿ ಮಾತು ಬೆಳೆಯುತ್ತದೆ. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕೆಲವೊಮ್ಮೆ ವಿಷ ಬೆರೆಸಿದ ಅನ್ನದ ಉಂಡೆ ಬೇಲಿಯಾಚೆಯಿಂದ ಬಂದು ಬೀಳುವುದೂ ಉಂಟು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ತಪ್ಪು ಯಾರದು?

ಓಡುವುದನ್ನು ಬೆನ್ನಟ್ಟುವುದು ನಾಯಿಯ ಪ್ರಕೃತಿ. ಬೆದರಿದೊಡನೆ ರೆಕ್ಕೆ ಬಡಿದು ಓಡುವುದು ಕೋಳಿಯ ಪ್ರಕೃತಿ. ಮುಧೋಳದ ನಾಯಿಯನ್ನು ತಲೆತಲಾಂತರದಿಂದ ಮೊಲ ಬೆನ್ನಟ್ಟಲೆಂದೇ ಸಾಕಿದವರು ನಾವು. ಅದರ ಕಣ್ಣೆದುರು ಕೋಳಿ ಓಡಿದರೆ ಅದು ಏನು ಮಾಡೀತು? ಅಲ್ಲಾಹನು ಕೊಟ್ಟ ಸ್ವಭಾವದಂತೆ ನಡೆದ ಜೀವಿಗೆ ಪಾಪವಿಲ್ಲ, ಪರಲೋಕದ ವಿಚಾರಣೆಯೂ ಇಲ್ಲ. ವಿಚಾರಣೆ ಇರುವುದು ಬುದ್ಧಿ ಪಡೆದವನಿಗೆ. ಎರಡು ವಿರುದ್ಧ ಸ್ವಭಾವಗಳನ್ನು ಒಂದೇ ಅಂಗಳಕ್ಕೆ ತಂದವನು ಅವನು. ಆದುದರಿಂದ ಎರಡೂ ಜೀವಗಳು ಅವನ ಕೈಯಲ್ಲಿರುವ ಅಮಾನತ್ತು.

ನಾಯಿ ಸಾಕುವುದರ ಬಗ್ಗೆ ನಮ್ಮಲ್ಲಿ ಹಲವರಿಗೆ ಅಳುಕಿದೆ. ಕಾರಣವಿಲ್ಲದೆ ನಾಯಿ ಸಾಕುವವನ ಪುಣ್ಯದಲ್ಲಿ ದಿನವೂ ಒಂದು ಪಾಲು ಕಡಿಮೆಯಾಗುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ನಿಜ. ಆದರೆ ಅದೇ ಹದೀಸ್ ಬೇಟೆ, ಜಾನುವಾರು ಮತ್ತು ಬೇಸಾಯದ ಕಾವಲಿಗೆ ನಾಯಿಯನ್ನು ಅನುಮತಿಸಿದೆ. ತೋಟ ಕಾಯುವ ನಾಯಿ ಈ ಅನುಮತಿಯೊಳಗಿದೆ. ಅನುಮತಿಯ ಜೊತೆಗೆ ಹೊಣೆಯೂ ಬರುತ್ತದೆ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಆ ಹೊಣೆ ಎಷ್ಟು ಎಂಬುದಕ್ಕೆ ಕುರ್‌ಆನಿನ ಅಲ್ ಅಂಬಿಯಾ ಅಧ್ಯಾಯದಲ್ಲಿ ದಾರಿಯಿದೆ. ಒಬ್ಬರ ಕುರಿಗಳು ರಾತ್ರಿ ಇನ್ನೊಬ್ಬರ ಹೊಲಕ್ಕೆ ನುಗ್ಗಿ ಮೇದವು. ವ್ಯಾಜ್ಯ ದಾವೂದ್(ಅ)ರ ಮುಂದೆ ಬಂತು. ಕುರಿಗಳನ್ನೇ ಹೊಲದವನಿಗೆ ಕೊಡಬೇಕೆಂಬುದು ಅವರ ತೀರ್ಪಾಗಿತ್ತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಪುತ್ರ ಸುಲೈಮಾನ್(ಅ)ರು ಬೇರೊಂದು ದಾರಿ ತೋರಿದರು. ಕುರಿಯವನು ಹೊಲವನ್ನು ಮೊದಲಿನ ಸ್ಥಿತಿಗೆ ತರಲಿ, ಅಲ್ಲಿಯವರೆಗೆ ಕುರಿಗಳ ಹಾಲು ಮತ್ತು ಉಣ್ಣೆ ಹೊಲದವನಿಗಿರಲಿ. ಇಬ್ಬರಲ್ಲಿ ಯಾರೂ ಕುರಿಗಳಿಗೆ ಶಿಕ್ಷೆ ಕೊಡಲಿಲ್ಲ ಎಂಬುದನ್ನು ಗಮನಿಸಬೇಕು.

ಬರಾಅ್ ಬಿನ್ ಆಝಿಬ್(ರ)ರ ಹೆಣ್ಣೊಂಟೆ ಒಬ್ಬರ ತೋಟವನ್ನು ಹಾಳುಮಾಡಿದಾಗ ಪ್ರವಾದಿವರ್ಯರು(ಸ) ಹೊಣೆಯನ್ನು ಹಂಚಿದರು. ಹಗಲಲ್ಲಿ ತೋಟ ಕಾಯುವುದು ತೋಟದವರ ಕೆಲಸ, ರಾತ್ರಿ ಪ್ರಾಣಿ ಮಾಡಿದ ನಷ್ಟಕ್ಕೆ ಪ್ರಾಣಿಯ ಒಡೆಯನೇ ಹೊಣೆ. ಹಕ್ಕಿಗಳನ್ನು ಹಿಡಿಯುವ ಚಾಳಿ ಇದೆಯೆಂದು ಗೊತ್ತಿರುವ ಬೆಕ್ಕಿನ ಒಡೆಯ ಹಗಲಾಗಲಿ ರಾತ್ರಿಯಾಗಲಿ ನಷ್ಟ ತುಂಬಬೇಕೆಂದು ಇಮಾಮ್ ನವವಿ(ರಹ)ಯವರು ತಮ್ಮ 'ಮಿನ್‌ಹಾಜ್'ನಲ್ಲಿ ಬರೆದಿದ್ದಾರೆ. ಒಮ್ಮೆ ಕೋಳಿ ಹಿಡಿದ ನಾಯಿಯ ಒಡೆಯನಿಗೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕೇ? "ನಾಯಿ ತಾನೇ, ಏನು ಮಾಡಲಿ" ಎನ್ನುವ ಅವಕಾಶ ಅವನಿಗಿಲ್ಲ.

ಸ್ವಭಾವ ಬದಲಾಗದು ಎಂಬ ನೆಪವೂ ಸಲ್ಲದು. ಅದೀ ಬಿನ್ ಹಾತಿಮ್(ರ)ರು ಬೇಟೆನಾಯಿಯ ಬಗ್ಗೆ ಕೇಳಿದಾಗ ಪ್ರವಾದಿವರ್ಯರು(ಸ) ಕೊಟ್ಟ ಉತ್ತರದ ಸಾರವಿಷ್ಟು: ತರಬೇತಾದ ನಾಯಿ ಬೇಟೆಯನ್ನು ತಿನ್ನದೆ ನಿನಗಾಗಿ ಹಿಡಿದಿಟ್ಟರೆ ಅದನ್ನು ತಿನ್ನು. ಅದೇ ತಿಂದಿದ್ದರೆ ಬಿಟ್ಟುಬಿಡು, ಅದು ತನಗಾಗಿ ಹಿಡಿದದ್ದು. ಹಸಿದ ನಾಯಿ ಬಾಯಲ್ಲಿರುವ ಬೇಟೆಯನ್ನು ಒಡೆಯನಿಗೆಂದು ಬಿಡಬಲ್ಲುದಾದರೆ ಅಂಗಳದ ಕೋಳಿಯನ್ನು ಬಿಡುವುದನ್ನೂ ಕಲಿಯಬಲ್ಲುದು. ಕಲಿಸುವವನಿಗೆ ತಾಳ್ಮೆ ಬೇಕು.

ಕಲಿಕೆ ಮರಿಯಿದ್ದಾಗಲೇ ಆರಂಭವಾಗಬೇಕು. ಮರಿಯನ್ನು ಹಗ್ಗದಲ್ಲಿ ಹಿಡಿದು ಕೋಳಿಗಳಿಂದ ದೂರ ಕೂರಿಸಿರಿ. ಸುಮ್ಮನಿದ್ದರೆ ತಿನ್ನಲು ಏನಾದರೂ ಕೊಡಿರಿ. ವಾರಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತನ್ನಿರಿ. ಪೂರ್ಣವಾಗಿ ಬೆಳೆದು ನಂಬಿಕೆ ಬರುವ ತನಕ ಅದನ್ನು ಕೋಳಿಗಳೊಂದಿಗೆ ಒಂಟಿಯಾಗಿ ಬಿಡಬೇಡಿರಿ. ಒಂಟಿಯಾಗಿ ಸಭ್ಯವಾಗಿರುವ ನಾಯಿಯೂ ಇನ್ನೊಂದು ನಾಯಿ ಜೊತೆಯಾದಾಗ ಬೇಟೆಗಿಳಿಯಬಹುದು. ಕೋಳಿ ಕೊಯ್ದ ಮೇಲೆ ತಲೆ, ಕರುಳು, ಪುಕ್ಕಗಳನ್ನು ಅದರ ಮುಂದೆ ಎಸೆಯಬೇಡಿರಿ. ಕೋಳಿ ಸತ್ತು ಗಂಟೆ ಕಳೆದ ಮೇಲೆ ಹೊಡೆದರೆ ನಾಯಿಗೆ ಹೊಡೆತದ ಕಾರಣ ತಿಳಿಯುವುದಿಲ್ಲ, ಒಡೆಯನ ಭಯ ಮಾತ್ರ ಉಳಿಯುತ್ತದೆ.

ಗೂಡಿನ ಕಡೆಗೂ ಗಮನವಿರಲಿ. ಮಾರುಕಟ್ಟೆಯ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಬೆಸುಗೆ ಹಾಕಿದ ಗಟ್ಟಿ ಜಾಲರಿ ಬೇಕು. ನಾಯಿ ಕೆರೆದು ನುಗ್ಗದಂತೆ ಜಾಲರಿಯನ್ನು ಒಂದಡಿ ಮಣ್ಣಲ್ಲಿ ಹೂಳಬೇಕು, ಇಲ್ಲವೆ ಬುಡಕ್ಕೆ ಕಲ್ಲು ಜೋಡಿಸಬೇಕು. ಸಂಜೆ ಕೋಳಿಗಳು ತಾವಾಗಿ ಗೂಡಿಗೆ ಬರುತ್ತವೆ. ಮಗ್ರಿಬ್‌ನ ಹೊತ್ತಿಗೆ ಬಾಗಿಲು ಹಾಕುವುದು ಮನೆಯವರಲ್ಲಿ ಒಬ್ಬರ ನಿತ್ಯದ ಕೆಲಸವಾಗಲಿ. ಹಗಲೆಲ್ಲ ನಾಯಿಯನ್ನು ಸರಪಳಿಯಲ್ಲಿ ಬಿಗಿದಿಡುವುದು ಪರಿಹಾರವಲ್ಲ. ಸದಾ ಕಟ್ಟಿಹಾಕಿ ಓಡಾಟಕ್ಕೆ ಬಿಡದಿರುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಕ್ರೌರ್ಯವೆಂದಿದೆ. ಬೆಕ್ಕನ್ನು ಕಟ್ಟಿಹಾಕಿ, ಅನ್ನವನ್ನೂ ಕೊಡದೆ ಬಿಟ್ಟೂ ಬಿಡದೆ ಕೊಂದ ಸ್ತ್ರೀ ನರಕಕ್ಕೆ ಹೋದಳೆಂಬ ಹದೀಸ್ ನಮಗೆ ಗೊತ್ತಿರುವಂಥದ್ದೇ.

ನಾಯಿ ಕಚ್ಚಿದ ಕೋಳಿಯನ್ನು ತಿನ್ನಬಹುದೇ ಎಂದು ಕೆಲವರು ಕೇಳುತ್ತಾರೆ. ಅಲ್ ಮಾಇದಃ ಅಧ್ಯಾಯದ ಮೂರನೆಯ ಸೂಕ್ತದಂತೆ, ಜೀವವಿರುವಾಗಲೇ ಕ್ರಮದಂತೆ ಝಬಹ್ ಮಾಡಿದರೆ ಅದು ಹಲಾಲ್. ಸತ್ತಿದ್ದರೆ ಶವ. ಬೇಟೆನಾಯಿಗಿರುವ ರಿಯಾಯಿತಿ ಮನೆಯ ಕೋಳಿಗೆ ಅನ್ವಯಿಸದು. ಸತ್ತ ಕೋಳಿಯನ್ನು ಹೂಳಿರಿ, ನಾಯಿಗೇ ಹಾಕಿ ಅದರ ಚಾಳಿಯನ್ನು ಬಲಪಡಿಸಬೇಡಿರಿ.

ಇನ್ನು ನೆರೆಯವರ ಮಾತು. ನಿಮ್ಮ ನಾಯಿ ಅವರ ಕೋಳಿಯನ್ನು ಕೊಂದರೆ ಅವರು ಬಂದು ಕೇಳುವ ಮೊದಲೇ ನೀವು ಹೋಗಿರಿ. ಅದು ಮೊಟ್ಟೆಯಿಡುತ್ತಿದ್ದ ಹೇಂಟೆಯಾಗಿದ್ದರೆ ಮಾಂಸದ ತೂಕಕ್ಕೆ ಬೆಲೆ ಕಟ್ಟಬೇಡಿರಿ, ಮೊಟ್ಟೆಯಿಡುವ ಹೇಂಟೆಯನ್ನೇ ಕೊಡಿರಿ. ಸುಲೈಮಾನ್(ಅ)ರ ತೀರ್ಪಿನ ತಿರುಳು ಅದೇ. ಕೋಳಿಯವನೂ ನ್ಯಾಯವಾಗಿರಲಿ. ತನ್ನ ಕೋಳಿ ಬೇಲಿ ನುಸುಳಿ, ಕಟ್ಟಿದ ನಾಯಿಯ ಬಾಯಿಗೆ ತಾನಾಗಿ ಬಿದ್ದರೆ ಪರಿಹಾರ ಕೇಳುವ ಹಕ್ಕು ಅವನಿಗೆ ಎಲ್ಲಿಯದು? ಸೇಡಿಗಾಗಿ ವಿಷವಿಕ್ಕುವುದಂತೂ ಕೋಳಿಯ ನಷ್ಟವನ್ನು ತುಂಬುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಅದಕ್ಕೆ ಐದು ವರ್ಷದವರೆಗೆ ಸೆರೆವಾಸವಿದೆ. ಬಾಯಾರಿದ ನಾಯಿಗೆ ನೀರುಣಿಸಿದವನ ಪಾಪಗಳು ಕ್ಷಮಿಸಲ್ಪಟ್ಟವೆಂದು ನಂಬುವವರು, ಹಸಿದ ನಾಯಿಗೆ ವಿಷ ಉಣಿಸಿದವನ ಗತಿಯನ್ನು ತಾವೇ ಯೋಚಿಸಲಿ.

ಮಾತು ಬಾರದ ಜೀವಿಗಳು ನಮ್ಮ ಮೇಲೆ ದೂರು ಕೊಡಲಾರವು. ಆದರೆ ಅವುಗಳ ವಿಷಯದಲ್ಲಿ ನಮ್ಮನ್ನು ಕೇಳುವವನೊಬ್ಬನಿದ್ದಾನೆ. ಇಂದು ಸಂಜೆ ಗೂಡಿನ ಬಾಗಿಲು ಹಾಕುವಾಗ ಅದು ನಮ್ಮ ನೆನಪಿನಲ್ಲಿರಲಿ.