ತೊಟ್ಟಿಲ ಸುತ್ತ ಒಂದು ತಪ್ಪು ಜಗಳ

ಬಾಣಂತಿ ಕೋಣೆಯ ಜಗಳಗಳಿಗೆ ಈಗ ಒಂದು ಸಿದ್ಧ ರೂಪ ಬಂದುಬಿಟ್ಟಿದೆ. ಅಜ್ಜಿ ಬಜೆ ತೇಯ್ದು ತರುತ್ತಾಳೆ, ಕೂಸಿಗೆ ಜೇನು ನೆಕ್ಕಿಸಬೇಕು, ಕಣ್ಣಿಗೆ ಕಾಡಿಗೆ ತೀಡಬೇಕು ಎನ್ನುತ್ತಾಳೆ. ಮಗಳೋ ಸೊಸೆಯೋ ಡಾಕ್ಟರು ಬೇಡ ಅಂದಿದ್ದಾರೆ ಎಂದು ಕೈ ಅಡ್ಡ ಇಡುತ್ತಾಳೆ. ಆಗ ಅಜ್ಜಿಯ ಬತ್ತಳಿಕೆಯಿಂದ ಕೊನೆಯ ಬಾಣ ಹೊರಡುತ್ತದೆ: “ನಿಮ್ಮನ್ನೆಲ್ಲ ಹೀಗೇ ಬೆಳೆಸಿದ್ದು. ಏನಾಗಿದೆ ನಿಮಗೆ? ಗುಂಡುಕಲ್ಲಿನ ಹಾಗೆ ಇದ್ದೀರಲ್ಲ!”

ಈ ವಾದಕ್ಕೆ ಉತ್ತರ ಸುಲಭ, ಆದರೆ ಕ್ರೂರ. ಏನಾಗಿದೆ ಎಂದು ಕೇಳುವವರೂ ಕೇಳಿಸಿಕೊಳ್ಳುವವರೂ ಬದುಕುಳಿದವರೇ. 1971ರಲ್ಲಿ ಭಾರತದಲ್ಲಿ ಜೀವಂತ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಮೊದಲ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. 2020ಕ್ಕೆ ಆ ಸಂಖ್ಯೆ 28, ಕರ್ನಾಟಕದಲ್ಲಿ 19. ಎಂಟು ಹೆತ್ತು ಐದು ಉಳಿಸಿಕೊಂಡವಳನ್ನು ಮಕ್ಕಳೆಷ್ಟು ಎಂದು ಕೇಳಿದರೆ ಐದು ಎಂದೇ ಹೇಳುತ್ತಿದ್ದಳು. ಉಳಿದ ಮೂರರ ಕಥೆ “ದಕ್ಕಲಿಲ್ಲ” ಎಂಬಲ್ಲಿಗೆ ಮುಗಿಯುತ್ತಿತ್ತು.

ಇಷ್ಟು ಹೇಳಿ ಹೊಸ ತಲೆಮಾರಿನ ಬೆನ್ನು ತಟ್ಟಿ ಎದ್ದುಬಿಡಬಹುದಿತ್ತು. ಆದರೆ ಡಾಕ್ಟರು ಹೇಳಿದ್ದಾರೆ ಎಂಬ ಮಾತಿಗೂ ಒಂದು ಚರಿತ್ರೆ ಇದೆ, ಮತ್ತು ಅದು ಸ್ವಚ್ಛವಾಗಿಲ್ಲ. ಕಳೆದ ಶತಮಾನದ ನಡುಭಾಗದಿಂದ ಪಶ್ಚಿಮದ ತಜ್ಞರು ಶಿಶುಗಳನ್ನು ಬೋರಲು ಮಲಗಿಸಿ ಎಂದು ಹೇಳತೊಡಗಿದರು. ಅಂಗಾತ ಮಲಗಿದ ಕೂಸು ಹಾಲು ಕಕ್ಕಿಕೊಂಡರೆ ಉಸಿರು ಕಟ್ಟೀತು ಎಂಬುದು ಅವರ ತರ್ಕ. ಅಮೆರಿಕದ ಬೆಂಜಮಿನ್ ಸ್ಪಾಕ್ 1946ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಪುಸ್ತಕ ಕೋಟಿಗಟ್ಟಲೆ ಪ್ರತಿ ಖರ್ಚಾಯಿತು. 1950ರ ದಶಕದ ಆವೃತ್ತಿಯಲ್ಲಿ ಈ ಸಲಹೆಯೂ ಸೇರಿಕೊಂಡಿತು. ಕೇಳಲು ಎಷ್ಟು ಸರಿಯಾಗಿದೆ! ಆದರೆ ನಿದ್ದೆಯಲ್ಲೇ, ಕಾರಣ ತಿಳಿಯದೆ ಸಾಯುವ ಶಿಶುಗಳ ಲೆಕ್ಕ ಹಿಡಿದು ನೋಡಿದಾಗ ಬೋರಲು ಮಲಗಿದವುಗಳಿಗೇ ಅಪಾಯ ಹೆಚ್ಚು ಎಂದು ತಿಳಿಯಿತು. 1991ರಲ್ಲಿ ಬ್ರಿಟನ್, 1994ರಲ್ಲಿ ಅಮೆರಿಕ ಅಂಗಾತ ಮಲಗಿಸಿ ಎಂದು ಪ್ರಚಾರಕ್ಕಿಳಿದವು. ಕೆಲವೇ ವರ್ಷಗಳಲ್ಲಿ ಅಂಥ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಬಂದವು. ಹಳೆಯ ಅಧ್ಯಯನಗಳನ್ನೆಲ್ಲ 2005ರಲ್ಲಿ ಒಟ್ಟಿಗೆ ಇಟ್ಟು ನೋಡಿದ ಬ್ರಿಟಿಷ್ ಸಂಶೋಧಕರಿಗೆ ಕಂಡದ್ದು ಇನ್ನೂ ಕಹಿಯಾದ ಸಂಗತಿ: ಪುರಾವೆ 1970ರ ಹೊತ್ತಿಗೇ ಇತ್ತು. ಅಂದೇ ಗಮನಿಸಿದ್ದರೆ ಬ್ರಿಟನ್ ಒಂದರಲ್ಲೇ 10,000ಕ್ಕೂ ಹೆಚ್ಚು ಶಿಶುಗಳು ಉಳಿಯುತ್ತಿದ್ದವು ಎಂದು ಅವರು ಅಂದಾಜಿಸಿದರು.

ಅಷ್ಟೂ ವರ್ಷ ನಮ್ಮ ಸೀರೆಜೋಲಿಗಳಲ್ಲಿ ಕೂಸುಗಳು ಅಂಗಾತವೇ ಮಲಗಿದ್ದವು. ಜೋಲಿಗೆ ತನ್ನದೇ ಬೇರೆ ಅಪಾಯಗಳಿವೆ, ಆ ಮಾತು ಬೇರೆ. ಕೂಸನ್ನು ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವುದು ಅದರ ಸೊಂಟದ ಕೀಲಿಗೆ ಒಳ್ಳೆಯದು ಎಂದು ಇಂದಿನ ಮೂಳೆತಜ್ಞರೂ ಒಪ್ಪುತ್ತಾರೆ. ಹಾಗಾದರೆ ಅಜ್ಜಿ ಗೆದ್ದಳೇ? ಅದೇ ಅಜ್ಜಿ ನೆಕ್ಕಿಸಿದ ಜೇನಿನಲ್ಲಿ ವರ್ಷ ತುಂಬದ ಮಗುವಿನ ನರಗಳನ್ನು ಕಟ್ಟಿಹಾಕುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ಅದೇ ಅಜ್ಜಿಯ ಊರಲ್ಲಿ ಹೊಟ್ಟೆ ಉಬ್ಬರಿಸಿದ ಹಸುಗೂಸಿಗೆ ಕಾದ ಕಬ್ಬಿಣದಿಂದ ಚುಟಿಗೆ ಹಾಕಿಸುತ್ತಿದ್ದರು. ಸೊಂಟ, ಜೋಲಿ, ಜೇನು, ಚುಟಿಗೆ ಎಲ್ಲವೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡು ಬಂದವು. ಯಾವುದು ಕಾಪಾಡುತ್ತದೆ, ಯಾವುದು ಕೊಲ್ಲುತ್ತದೆ ಎಂದು ಬಿಡಿಸಿ ನೋಡುವ ದಾರಿ ಗಂಟಿನೊಳಗೆ ಇರಲಿಲ್ಲ. ಡಾಕ್ಟರರ ತಪ್ಪು ಅಜ್ಜಿಯ ತಪ್ಪಿಗಿಂತ ಚಿಕ್ಕದೇನಲ್ಲ. ಆದರೆ ಬೋರಲು ಮಲಗಿಸಿ ಎಂದವರು ಏಕೆ ಎಂಬುದನ್ನೂ ಬರೆದಿಟ್ಟಿದ್ದರು. ಆ ಕಾರಣ ಬಾಯಿಬಿಟ್ಟು ಹೇಳಿದ್ದರಿಂದಲೇ ಅದನ್ನು ಹಿಡಿದು ಪರೀಕ್ಷಿಸಿ, ತಡವಾಗಿಯಾದರೂ ಕೆಡವಲು ಸಾಧ್ಯವಾಯಿತು. “ನಮ್ಮಲ್ಲಿ ನಡೆದು ಬಂದದ್ದು ಹೀಗೆ” ಎಂಬ ಮಾತನ್ನು ಎಲ್ಲಿ ಹಿಡಿದು ಪರೀಕ್ಷಿಸುವುದು?

ಹಿಂದಿನವರು ಮಕ್ಕಳ ವಿಷಯದಲ್ಲಿ ಉದಾಸೀನರಾಗಿದ್ದರು, ನಾವು ಎಚ್ಚೆತ್ತವರು ಎಂಬ ಇನ್ನೊಂದು ನಂಬಿಕೆಯೂ ಇದೆ. ಇದು ಶುದ್ಧ ಸುಳ್ಳು. ಕೆನ್ನೆಗೆ ದೃಷ್ಟಿಬೊಟ್ಟು, ಸೊಂಟಕ್ಕೆ ಉಡಿದಾರ, ಕೊರಳಿಗೆ ತಾಯತ, ಬಾಗಿಲಿಗೆ ಬೇವಿನ ಸೊಪ್ಪು, ಮುಸ್ಸಂಜೆ ಕೂಸನ್ನು ಹೊರಗೆ ತರಬಾರದೆಂಬ ಕಟ್ಟಳೆ: ಇಂದಿನ ಯಾವ ಬೇಬಿ ಮಾನಿಟರಿಗೂ ಕಡಿಮೆಯಿಲ್ಲದ ಕಾವಲು ಅದು. ಸಾಲಾಗಿ ಮಕ್ಕಳು ದಕ್ಕದ ಮನೆಯಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು, ಸಾವಿಗೂ ಬೇಡವಾಗಲಿ ಎಂದು. ಎಚ್ಚರ ಅಂದೂ ಇತ್ತು. ಅಪಾಯ ಎಲ್ಲಿಂದ ಬರುತ್ತದೆ ಎಂಬ ತಿಳಿವಳಿಕೆ ಮಾತ್ರ ಬೇರೆಯಿತ್ತು.

ಬದಲಾದದ್ದು ಇನ್ನೊಂದಿದೆ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದು. ಕಾವಲು ಸೋತಾಗ ಹಳೆಯ ಲೋಕದಲ್ಲಿ ಆ ಸೋಲನ್ನು ಇಡಲು ಒಂದು ಜಾಗವಿತ್ತು. ಆಯುಷ್ಯ ಅಷ್ಟೇ, ಋಣ ತೀರಿತು, ದೇವರು ಕೊಟ್ಟ, ದೇವರೇ ಕಿತ್ತುಕೊಂಡ. ಈ ಮಾತುಗಳಲ್ಲಿ ಸೋಮಾರಿತನವಿತ್ತು, ಕರುಣೆಯೂ ಇತ್ತು. ಅಂದಿನ ತಾಯಂದಿರು ನಿಂದೆಯಿಂದ ಪೂರ್ತಿ ಪಾರಾಗಿದ್ದರು ಎನ್ನಲಾರೆ. ಮಕ್ಕಳನ್ನು ನುಂಗಿದವಳು ಎಂದು ಆಡುವ ಬಾಯಿಗಳು ಆಗಲೂ ಇದ್ದವು. ಆದರೂ ಪಾಪದ ಬಹುಪಾಲನ್ನು ವಿಧಿ ಹೊತ್ತುಕೊಳ್ಳುತ್ತಿತ್ತು. ವಿಜ್ಞಾನ ಬಂದು ಈ ಸಾವು ತಡೆಯಬಹುದಾದದ್ದು ಎಂದಿತು. ಅದು ನಿಜ, ಅದು ಮನುಷ್ಯಕುಲದ ದೊಡ್ಡ ಗೆಲುವು. ಆದರೆ ತಡೆಯಬಹುದಿತ್ತು ಎಂಬಲ್ಲಿಂದ ತಾಯಿ ತಡೆಯಬೇಕಿತ್ತು ಎಂಬಲ್ಲಿಗೆ ನಾವು ಯಾವ ಸೇತುವೆಯೂ ಇಲ್ಲದೆ ಜಿಗಿದೆವು. ಮಗು ಬಿದ್ದ, ಮುಳುಗಿದ, ಸುಟ್ಟುಕೊಂಡ ಯಾವ ಸುದ್ದಿ ಬಂದರೂ ಮೊದಲು ಏಳುವ ಪ್ರಶ್ನೆ ಒಂದೇ: ತಾಯಿ ಎಲ್ಲಿ ಹೋಗಿದ್ದಳು? ವಿಧಿ ಖಾಲಿ ಮಾಡಿದ ಕುರ್ಚಿಯಲ್ಲಿ ಅವಳನ್ನು ಕೂರಿಸಿದ್ದೇವೆ.

ಇದು ಅನ್ಯಾಯವಷ್ಟೇ ಅಲ್ಲ, ಲೆಕ್ಕಕ್ಕೂ ತಪ್ಪು. 129 ಎಂಬುದು 28ಕ್ಕೆ ಇಳಿದದ್ದು ತಾಯಂದಿರು ಇದ್ದಕ್ಕಿದ್ದಂತೆ ಜಾಗ್ರತರಾದದ್ದರಿಂದಲ್ಲ. 1985ರಲ್ಲಿ ದೇಶವ್ಯಾಪಿ ಲಸಿಕೆ ಕಾರ್ಯಕ್ರಮ ಬಂತು, ಹೆರಿಗೆಗಳು ಆಸ್ಪತ್ರೆಗೆ ಬಂದವು, ನಲ್ಲಿ ನೀರು ಊರೂರಿಗೆ ಬಂತು. ಭೇದಿಯಾದ ಮಗುವಿಗೆ ನೀರು ಕೊಡಬೇಡಿ ಎನ್ನುತ್ತಿದ್ದ ಮನೆಗಳಿಗೆ ಉಪ್ಪು ಸಕ್ಕರೆಯ ನೀರು ಬಂತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರವಿದ್ದ ಬನಗಾಂವ್‌ನಲ್ಲಿ ಡ್ರಿಪ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಲನಬೀಸ್ ಆ ದ್ರಾವಣವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಕಾಲರಾ ಸಾವುಗಳು ದಿಢೀರನೆ ಇಳಿದವು. ತಾಯಿಯ ಕೈ ಅಲ್ಲೂ ಇತ್ತು, ನಿಜ. ಆದರೆ ಆ ಕೈಗೆ ಲೋಟ ಕೊಟ್ಟವರು ಬೇರೆ ಯಾರೋ ಇದ್ದರು.

ಕೈಗೆ ಲೋಟ ಕೊಡುವವರು ಯಾರು ಎಂಬ ಪ್ರಶ್ನೆ ನೀರಿನ ಅಪಾಯಗಳಲ್ಲೂ ಏಳುತ್ತದೆ. ಬಾವಿಯನ್ನೇ ತೆಗೆದುಕೊಳ್ಳಿ. ಬೆನ್ನಿಗೆ ಬೆಂಡೋ ಒಣ ಸೋರೆಬುರುಡೆಯೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ಕಥೆ ಹೇಳದ ಹಿರಿಯರಿಲ್ಲ. ಇಂದಿನ ಮಕ್ಕಳಿಗೆ ಧೈರ್ಯವಿಲ್ಲ, ತಂದೆತಾಯಿಗೆ ಅದಕ್ಕಿಂತ ಇಲ್ಲ ಎಂದು ಕಥೆ ಮುಗಿಯುತ್ತದೆ. ಆದರೆ ಆ ಬಾವಿಗೆ ಮೆಟ್ಟಿಲುಗಳಿದ್ದವು, ಬೆರಳು ತೂರಿಸಲು ಕಲ್ಲಿನ ಸಂದುಗಳಿದ್ದವು, ದಂಡೆಯ ಮೇಲೆ ಬಟ್ಟೆ ಒಗೆಯುವವರಿದ್ದರು. ಈಗ ಹೊಲದಲ್ಲಿರುವುದು ಕೃಷಿಹೊಂಡ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆ ಮಳೆಯಾಶ್ರಿತ ಸೀಮೆಗಳಲ್ಲಿ ಅವನ್ನು ವ್ಯಾಪಕವಾಗಿ ತೋಡಿಸಿತು, ಬೆಳೆಗಳನ್ನು ಉಳಿಸಿತು ಕೂಡ. ನೀರು ಇಂಗದಂತೆ ಹಾಸುವ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿದರೆ ಈಜು ಬಲ್ಲ ಗಟ್ಟಿ ಆಳಿಗೂ ಹತ್ತಿ ಬರಲಾಗದು. ಮಗುವನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ಇಲ್ಲಿ ಅಜ್ಜನ ಧೈರ್ಯ ಕೆಲಸಕ್ಕೆ ಬಾರದು. ಹೊಂಡ ಮನೆಯಿಂದ ಕೂಗಳತೆಯಲ್ಲಿರುವಾಗ ನೀರಿನ ಹತ್ತಿರ ಹೋಗಬೇಡ ಎಂಬ ಅಮ್ಮನ ಎಚ್ಚರಿಕೆಯೂ ಬಾರದು. ಬೇಕಾದದ್ದು ತಂತಿಬೇಲಿ ಮತ್ತು ಒಳಗೆ ಇಳಿಬಿಟ್ಟ ಒಂದು ಹಗ್ಗ.

ಕೊಳವೆಬಾವಿಗಳದೂ ಇದೇ ಕಥೆ. ವಿಫಲವಾದ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಿ ಮುಚ್ಚಬೇಕು, ಕೊರೆಯುವಾಗ ಸುತ್ತ ಬೇಲಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಹೋರಾಟದ ನಂತರ ಜೀವಂತ ಮೇಲೆತ್ತಿದರು. ನಾಡೇ ಚಪ್ಪಾಳೆ ತಟ್ಟಿತು, ತಟ್ಟಬೇಕಾದದ್ದೇ. ಮುಚ್ಚಳ ಹಾಕಿಸುವ ಕೆಲಸಕ್ಕೆ ಮಾತ್ರ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಮಕ್ಕಳನ್ನು ಮನೆಯೊಳಗೆ ಇಟ್ಟುಕೊಂಡರಾಯಿತು ಎಂಬ ಉಪಾಯವೂ ಇದೆ. ನಗರದ ನಾವು ಅದನ್ನೇ ಮಾಡಿದ್ದೇವೆ. ಇಂಗ್ಲೆಂಡಿನಲ್ಲಿ ಇದರ ಲೆಕ್ಕ ಸಿಗುತ್ತದೆ. ಮೇಯರ್ ಹಿಲ್‌ಮನ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ. 80ರಷ್ಟು ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ಕ್ಕೆ ಬರೀ ಶೇ. 9. ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆಯೂ ಅಷ್ಟರಲ್ಲಿ ಇಳಿದಿತ್ತು. ರಸ್ತೆಗಳು ಸುರಕ್ಷಿತವಾದವು ಎಂದು ಸರ್ಕಾರ ಬೀಗಿತು. ರಸ್ತೆಗಳು ಇನ್ನಷ್ಟು ಭಯಂಕರವಾಗಿವೆ, ಅದಕ್ಕೇ ಮಕ್ಕಳು ಅಲ್ಲಿಂದ ಮಾಯವಾಗಿದ್ದಾರೆ ಎಂಬುದು ಹಿಲ್‌ಮನ್ ವಾದ. ಕಾಡಿನಲ್ಲಿ ಜಿಂಕೆ ಸಾಯುವುದು ನಿಂತಿದೆ ಎಂದರೆ ಹುಲಿ ಸಾಧುವಾಯಿತು ಎಂದಷ್ಟೇ ಅರ್ಥವಲ್ಲ, ಜಿಂಕೆಯೇ ಉಳಿದಿಲ್ಲದಿರಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟ್ ಮಕ್ಕಳನ್ನು ಹೆದರುಪುಕ್ಕಲು ಎಂದು ಹಂಗಿಸುವ ತಾತಂದಿರು ಗೇಟಿನ ಹೊರಗೆ ಒಮ್ಮೆ ನಿಂತು ನೋಡಲಿ. ಫುಟ್‌ಪಾತ್ ಇದ್ದರೆ ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಸ್ಕೂಟರ್ ಬರುತ್ತಿರುತ್ತದೆ.

ನಮ್ಮ ಕಾನೂನು ಮಕ್ಕಳನ್ನು ಕಾಯುವ ಹೊರೆಯನ್ನು ಮನೆಯವರಿಗೂ ರಸ್ತೆ ಮಾಡುವವರಿಗೂ ಹಂಚಿದೆ, ಅದು ಅನೇಕರಿಗೆ ಗೊತ್ತಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯ 194ಬಿ ಕಲಮಿನಂತೆ 14 ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನದ ರಕ್ಷಣೆ ಇಲ್ಲದಿದ್ದರೆ 1,000 ರೂಪಾಯಿ ದಂಡ. ಅದೇ ತಿದ್ದುಪಡಿಯ 198ಎ ಪ್ರಕಾರ, ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವಿಗೋ ಅಂಗವೈಕಲ್ಯಕ್ಕೋ ಕಾರಣರಾದ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಮೊದಲನೆಯದರ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಅಜ್ಜಿ ನಗುತ್ತಾಳೆ, ಸೊಸೆ ಸಿಡುಕುತ್ತಾಳೆ, ತೊಟ್ಟಿಲ ಪಕ್ಕ ಇನ್ನೊಂದು ಸುತ್ತು ವಾದ ನಡೆಯುತ್ತದೆ. ಎರಡನೆಯದನ್ನು ತಮ್ಮ ವಾರ್ಡಿನ ಎಂಜಿನಿಯರ್ ಎದುರು ಓದಿ ಹೇಳಿದ ಅಜ್ಜಿಯಾಗಲಿ ಸೊಸೆಯಾಗಲಿ ನನಗಂತೂ ಇನ್ನೂ ಸಿಕ್ಕಿಲ್ಲ.