ಅಗಿಯುವುದೂ ಔಷಧವೇ?

ಚೂಯಿಂಗ್ ಗಮ್ ವೈದ್ಯಕೀಯದಲ್ಲಿ ಎರಡು ರೀತಿಯಲ್ಲಿ ಬಳಕೆಯಾಗುತ್ತದೆ. ಕೆಲವೆಡೆ ಅಗಿಯುವ ಕ್ರಿಯೆಯೇ ಔಷಧ. ಇನ್ನು ಕೆಲವೆಡೆ ಗಮ್ ಬರೀ ವಾಹನ, ಔಷಧ ಅದರೊಳಗೆ ಕೂತಿರುತ್ತದೆ. ಇವೆರಡನ್ನು ಬಿಡಿಸಿ ನೋಡುವ ಈ ಸಂವಾದದಲ್ಲಿ ಗೋಕಾಕದ ದಂತವೈದ್ಯೆ, ಮೂಡಲಗಿಯ ನಿವೃತ್ತ ಮಾಸ್ತರ ಮತ್ತು ಹುಕ್ಕೇರಿ ಕಡೆಯ ತಂಬಾಕು ಬೆಳೆಗಾರ ಪಾತ್ರಧಾರಿಗಳು.

ಮಾಸ್ತರ: ಅಂಟು ನಮಗೇನು ಹೊಸದಲ್ಲ ಡಾಕ್ಟ್ರ. ಗೋಕಾಕದ ಕರದಂಟಿನಾಗ ತುಪ್ಪದಾಗ ಕರದ ಅಂಟು ಇರತೈತಿ, ಬಾಣಂತಿಗೆ ಅಂಟಿನ ಉಂಡಿ ಕೊಡತೀವಿ. ಈ ಗಮ್ಮೂ ಅದರ ಪೈಕಿನ ಏನ್ರಿ?

ದಂತವೈದ್ಯೆ: ಅಲ್ಲರಿ ಸರ. ಆ ಅಂಟು ಜಾಲಿ ಜಾತಿ ಗಿಡದ್ದು, ತಿನ್ನೋ ವಸ್ತು. ಗಮ್ಮಿಗೆ ಮೊದಲ ಚಿಕ್ಕು ಗಿಡದ ಹಾಲು ಬಳಸತಿದ್ರು, ಈಗ ಬಹುತೇಕ ಕೃತಕ ರಬ್ಬರ. ಎಷ್ಟು ಅಗಿದರೂ ಕರಗೂದಿಲ್ಲ. ಆದರ ಬಾಣಂತಿ ಮಾತು ತಗದದ್ದು ಚಲೋ ಆತು. ಸಿಸೇರಿಯನ್ ಆದ ಮ್ಯಾಲ ಕರುಳು ಕೆಲ ಹೊತ್ತು ಮಂಕಾಗಿ ಬಿಡತೈತಿ. ಆವಾಗ ಗಮ್ ಅಗಿಸಿದರ, ಊಟ ಬಂತು ಅಂತ ತಿಳದು ಮೆದುಳು ವೇಗಸ್ ನರದ ಮೂಲಕ ಕರುಳನ್ನ ಎಬ್ಬಸತೈತಿ. ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆ 17 ಪ್ರಯೋಗಗಳನ್ನ ಕೂಡಿಸಿ ನೋಡಿದಾಗ ವಾಯು ಸರಿಯೂದು ಸುಮಾರು 7 ತಾಸು ಮುಂಚೇನ ಆಗಿತ್ತು. ಆ ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟ, ಅದನ್ನೂ ಅವರ ಹೇಳ್ಯಾರ.

ಮಾಸ್ತರ: ಅಂದ್ರ ಕರುಳಿಗೆ ಸುಳ್ಳು ಹೇಳಿದಂಗಾತು. ಸುಳ್ಳು ಔಷಧ ಆದೀತೇನು?

ದಂತವೈದ್ಯೆ: ಊಟದ ಸುದ್ದಿ ಸುಳ್ಳಿರಬಹುದು, ಕರುಳು ಅಲುಗಿದ್ದು ಖರೇನಲ್ಲ? ಬಾಯಾಗ ಜೊಲ್ಲು ಹುಟ್ಟೂದೂ ಖರೇ. ಹಲ್ಲಿನ ಮಟ್ಟಿಗೆ ಆ ಜೊಲ್ಲೇ ಔಷಧ. ಉಂಡ ಮ್ಯಾಲ 20 ನಿಮಿಷ ಸಕ್ಕರಿ ಇಲ್ಲದ ಗಮ್ ಅಗಿದರ ಜೊಲ್ಲು ಹುಳಿ ಅಂಶ ತೊಳೀತೈತಿ. ಜೈಲಿಟಾಲ್ ಅನ್ನೋ ಸಿಹಿ ಇದ್ದರ ಇನ್ನೂ ಚಲೋ. ಹಲ್ಲು ಹುಳುಕು ಮಾಡೋ ಬ್ಯಾಕ್ಟೀರಿಯಾಕ್ಕ ಅದು ಪಚನ ಆಗೂದಿಲ್ಲ. ಫಿನ್ಲೆಂಡಿನ ತುರ್ಕುದಾಗ 1970ರ ದಶಕದಾಗ ಇದನ್ನ ಪರೀಕ್ಷೆ ಮಾಡಿದ್ರು. ಹಂಗಂತ ಬ್ರಶ್ ಬಿಡಾಕ ಬರೂದಿಲ್ಲ. ಸಕ್ಕರಿ ಗಮ್ ಆದರ ಹಲ್ಲಿಗೆ ಕೇಡ.

ಬೆಳೆಗಾರ: ನಾ ಕೇಳೂದು ಬ್ಯಾರೇನ ಐತಿ. ತಂಬಾಕ ಬಿಡಸಾಕ ಕೊಡೋ ಗಮ್ಮಿನಾಗ ತಂಬಾಕಿನ ನಿಕೋಟಿನ್ನ ಇರತೈತಂತ. ನಾವು ಬೆಳದರ ವಿಷ, ಕಂಪನಿಯವರು ಹಾಕಿದರ ಔಷಧ. ಇದ್ಯಾವ ನ್ಯಾಯರಿ?

ದಂತವೈದ್ಯೆ: ಅದು ಹುಟ್ಟಿದ್ದ ತಂಬಾಕ ಅಗಿಯೋರಿಂದ, ಕಾಕಾ. ಸ್ವೀಡನ್ನಿನ ಸಬ್‌ಮರೀನ್ ನಾವಿಕರು ಒಳಗ ಸೇದಾಕ ಆಗಲಾರದಕ್ಕ ತಂಬಾಕ ಅಗೀತಿದ್ರು. ಈ ಸಂಗತಿಯನ್ನ ಅಲ್ಲಿನ ಸಂಶೋಧಕ ಕ್ಲೇಸ್ ಲುಂಡ್‌ಗ್ರೆನ್ 1967ರಾಗ ಔಷಧ ಕಂಪನಿಯ ಓವೆ ಫೆರ್ನೊಗೆ ಬರೆದು ತಿಳಿಸಿದ್ರು. ಅಲ್ಲಿಂದ ನಿಕೋಟಿನ್ ಗಮ್ ಬಂತು. 1978ರಾಗ ಸ್ವಿಟ್ಜರ್‌ಲೆಂಡ್, 1984ರಾಗ ಅಮೆರಿಕ ಒಪ್ಪಿದವು. ಈಗ ನೀವ ಹೇಳ್ರಿ, ತಂಬಾಕಿಗೆ ಸುಣ್ಣ ಯಾಕ ತಿಕ್ಕತೀರಿ?

ಬೆಳೆಗಾರ: ಸುಣ್ಣ ಇಲ್ಲಂದ್ರ ಏರೂದಿಲ್ಲ.

ದಂತವೈದ್ಯೆ: ಸುಣ್ಣ ಕ್ಷಾರ. ಕ್ಷಾರ ಇದ್ದರ ನಿಕೋಟಿನ್ ಬಾಯಿಯ ಒಳಪದರಿನಿಂದ ಸರಾಗ ರಕ್ತಕ್ಕ ಇಳೀತೈತಿ. ಗಮ್ ಮಾಡೋರೂ ಅದಕ್ಕಂತ ಸೋಡಾ ಜಾತಿಯ ಕ್ಷಾರ ಹಾಕತಾರ. ಹಿಂಗಾಗಿ ಗಮ್ ಹಾಕೋಕಿಂತ 15 ನಿಮಿಷ ಮೊದಲ ಕಾಫಿ, ಲಿಂಬು ಶರಬತ್ತು, ಕೋಲಾ ಕುಡಿಯಬಾರದು. ಖಾರ ಹತ್ತೂತನಕ ಅಗದು ಗಲ್ಲದ ಸಂದಿಯಾಗ ಇಟ್ಟಕೋಬೇಕು, ಖಾರ ಇಳದ ಮ್ಯಾಲ ಮತ್ತ ಅಗೀಬೇಕು. ಸುಮ್ಮನ ಅಗದು ನುಂಗಿದರ ಬಿಕ್ಕಳಿಕೆ, ಎದಿ ಉರಿ ಅಷ್ಟ ಗಳಿಕಿ.

ಬೆಳೆಗಾರ: ನಮ್ಮ ಪದ್ಧತೀನ ಆತಲ್ಲ ಮತ್ತ!

ದಂತವೈದ್ಯೆ: ಪದ್ಧತಿ ಒಂದ, ಜೊತಿಗೆ ಬರೋದು ಬ್ಯಾರೆ. ಎಲಿ ಒಣಗಿಸಿ ಹದ ಮಾಡುವಾಗ ನೈಟ್ರೋಸಮೀನ್ ಹುಟ್ಟತಾವ. ಕ್ಯಾನ್ಸರ್ ತರೋವು ಅವು. ಔಷಧದ ಗಮ್ಮಿನಾಗ ಶುದ್ಧ ಮಾಡಿದ ನಿಕೋಟಿನ್ ಅಷ್ಟ, 2 ಇಲ್ಲಾ 4 ಮಿಲಿಗ್ರಾಂ. ಚಟ ಹಚ್ಚೋ ಗುಣ ಅದಕ್ಕೂ ಐತಿ, ಆದರ ಸಿಗರೇಟಿನ ಹೊಗಿಯಂಗ ಕ್ಷಣದಾಗ ಮೆದುಳಿಗೆ ಏರೂದಿಲ್ಲ.

ಮಾಸ್ತರ: ಒಬ್ಬ ಧಣಿನ್ನ ಬಿಟ್ಟು ಇನ್ನೊಬ್ಬ ಧಣಿ ಕೈಯಾಗ ದುಡದಂಗ ಅಲ್ಲೇನ್ರಿ?

ದಂತವೈದ್ಯೆ: ಈ ಧಣಿಗೆ ಮುದತ್ತು ಐತಿ ಸರ. 12 ವಾರ, ಮೊದಲ 6 ವಾರ ತಾಸು ಎರಡ ತಾಸಿಗೊಂದು, ಕೊನೆಗೆ 4ರಿಂದ 8 ತಾಸಿಗೊಂದು. ಮುದತ್ತು ಮೀರಿ ವರ್ಷಗಟ್ಟಲೆ ಅಗಿಯೋರೂ ಅದಾರ, ಅವರ ವಿಷಯದಾಗ ನಿಮ್ಮ ಮಾತು ಖರೇ.

ಮಾಸ್ತರ: ಸಿಂಗಾಪುರ 1992ರಾಗ ಗಮ್ ಮಾರೂದನ್ನ ನಿಲ್ಲಿಸಿ, 2004ರಾಗ ಔಷಧದ ಗಮ್ಮಿಗೆ ಅಷ್ಟ ಬಾಗಲಾ ತಗೀತು. ಅಂದ್ರ ವಸ್ತುವಿನಕಿಂತ ಅದನ್ನ ಯಾಕ, ಎಷ್ಟು, ಎಲ್ಲೀತನಕ ಅನ್ನೂದ ಮುಖ್ಯ.

ಬೆಳೆಗಾರ: ನಾ ಸೇದೂದಿಲ್ಲ, ತಿಂತೀನಿ. ನನಗ ಇದು ನಡೀತೈತೇನು?

ದಂತವೈದ್ಯೆ: ಖರೇ ಹೇಳಬೇಕಂದ್ರ, ಗಮ್ಮಿನ ಗಟ್ಟಿ ಪುರಾವೆ ಇರೂದು ಸೇದೋರ ಮ್ಯಾಲ. ತಿನ್ನೋರಿಗೆ ಅಷ್ಟು ಪುರಾವೆ ಇಲ್ಲ. ಅವರಿಗೆ ಸಲಹೆ, ಮಾತುಕತೆ ಹೆಚ್ಚು ಬೇಕು. ಗುಟ್ಕಾ, ಅಡಿಕಿ ತಿಂದು ಬಾಯಿ ಪೂರಾ ತೆರೀಲಾರದವರು ಗಮ್ ಕೊಳ್ಳೋಕಿಂತ ಮೊದಲ ನಮಗ ಬಾಯಿ ತೋರಿಸಬೇಕು. ಎದಿ ಬ್ಯಾನಿ ಇದ್ದವರು, ಬಸರಿ ಹೆಣ್ಮಕ್ಕಳು ಡಾಕ್ಟರನ್ನ ಕೇಳದ ನಿಕೋಟಿನ್ ಗಮ್ ತಗೋಬಾರದು.

ತಂಬಾಕು ಬಿಡಬೇಕೆನ್ನುವವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356 ಇದೆ, ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವೂ ಈ ಸೇವೆಯಲ್ಲಿ ಸೇರಿರುವುದರಿಂದ ಕನ್ನಡದಲ್ಲಿಯೇ ಮಾತಾಡಬಹುದು.